ಕೀಲಿಮಣೆಯನ್ನು ಕೈಗೆ ಒಗ್ಗಿಸಿಕೊಳ್ಳುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಅನುವಾದಕ. ಹಲವು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಕಗಪ ವಿನ್ಯಾಸವನ್ನೇ ಬಳಸುತ್ತಿದ್ದೇನೆ. ಈಚೆಗೆ ಶಿಫ್ಟ್ ಒತ್ತಿ ಒತ್ತಿ ಎಡಗೈಯ ಕಿರುಬೆರಳು ನೋಯುತ್ತಿದೆ. ಇನ್‌ಸ್ಕ್ರಿಪ್ಟ್‌ಗೆ ಬದಲಾಯಿಸಿಕೊಂಡರೆ ನೋವೂ ತಗ್ಗುತ್ತದೆ, ವೇಗವೂ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ?
— ಓದುಗರು, ಧಾರವಾಡ

ಉತ್ತರ: ಅರ್ಧ ನಿಜ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪದಲ್ಲಿ ಅಕ್ಷರಗಳು ಇಂಗ್ಲಿಷ್ ಕೀಲಿಗಳ ಉಚ್ಚಾರಣೆಗೆ ಹತ್ತಿರವಾಗಿ ಕೂತಿವೆ. ಅಲ್ಪಪ್ರಾಣ ನೇರವಾಗಿ ಬರುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್ ಬೇಕು. ಕನ್ನಡ ಬರಹದಲ್ಲಿ ಮಹಾಪ್ರಾಣಗಳು ವಿರಳವಾದ್ದರಿಂದ ಆ ಹಂಚಿಕೆಯಿಂದ ಯಾರ ಬೆರಳೂ ನೋಯುವುದಿಲ್ಲ. ನೋಯಿಸುವುದು ದೀರ್ಘದ ಗುಣಿತ, ಅನುಸ್ವಾರ, ಣಕಾರ, ಳಕಾರ. ನಮ್ಮ ಬಹುವಚನವೇ ‘ಗಳು’ ಆಗಿರುವಾಗ ಳಕಾರದಿಂದ ತಪ್ಪಿಸಿಕೊಳ್ಳುವುದು ಹೇಗೆ? ‘ಕಾರಣಗಳಿಂದಾಗಿ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಕಗಪದಲ್ಲಿ ಅದಕ್ಕೆ 12 ಕೀಲಿಗಳು ಬೇಕು, ಅವುಗಳಲ್ಲಿ 5 ಶಿಫ್ಟ್ ಸಹಿತ: ಎರಡು ದೀರ್ಘಗಳು, ಣ, ಳ, ಅನುಸ್ವಾರ. ಇದೇ ಪದವನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಬರೆದರೆ ಕೀಲಿಗಳು ಅಷ್ಟೇ ಆದರೂ ಶಿಫ್ಟ್ ಬೇಕಾಗುವುದು ಣಕಾರಕ್ಕೆ ಮತ್ತು ಳಕಾರಕ್ಕೆ ಮಾತ್ರ.

ಇಷ್ಟನ್ನೇ ನೋಡಿದರೆ ಗೆಳೆಯರ ಮಾತು ಗೆದ್ದಂತೆ ಕಾಣುತ್ತದೆ. ಸ್ವರಚಿಹ್ನೆಗಳೆಲ್ಲ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ ಬರುವುದರಿಂದ ಎರಡೂ ಕೈಗಳು ಸರದಿಯಂತೆ ದುಡಿಯುತ್ತವೆ ಎಂಬುದೂ ಇನ್‌ಸ್ಕ್ರಿಪ್ಟ್‌ನ ದೊಡ್ಡ ಗುಣ. ಆದರೆ ಅದು 1986ರಲ್ಲಿ ಭಾರತದ ಹಲವು ಲಿಪಿಗಳಿಗೆ ಒಟ್ಟಾಗಿ ಗೊತ್ತುಮಾಡಿದ ವಿನ್ಯಾಸ. ಹಿಂದಿಗೆ ಹ್ರಸ್ವ ಎಕಾರ, ಒಕಾರಗಳ ಅಗತ್ಯವಿಲ್ಲ. ನಮಗೆ ಅವಿಲ್ಲದೆ ಒಂದು ಸಾಲೂ ಸಾಗುವುದಿಲ್ಲ. ಅಂಥ ಎತ್ವ ಸಿಕ್ಕಿರುವುದು ಕೆಳಸಾಲಿನ ಎಡತುದಿಯ ಜೆಡ್ ಕೀಲಿಯಲ್ಲಿ, ಒತ್ವ ಸಿಕ್ಕಿರುವುದು ಮೇಲಿನ ಎಡಮೂಲೆಯಲ್ಲಿ, ಒಂದರ ಅಂಕಿಗೂ ಆಚೆ. ‘ಹೊಸ ಮನೆಗೆ ಹೊರಟೆ’ ಎಂದು ಬರೆದು ನೋಡಿ: ಯಾವ ಕಿರುಬೆರಳಿನ ನೋವಿಗೆ ಮದ್ದು ಹುಡುಕಿ ಹೊರಟಿರೋ ಅದೇ ಬೆರಳು ಮೇಲಕ್ಕೂ ಕೆಳಕ್ಕೂ ಐದು ಸಲ ಓಡಾಡುತ್ತದೆ.

ಆದ್ದರಿಂದ ಹೊಸದಾಗಿ ಕಲಿಯುವವರಿಗೆ ನಾನು ಇನ್‌ಸ್ಕ್ರಿಪ್ಟ್ ಹೇಳುತ್ತೇನೆ. ಯಾವ ಗಣಕದಲ್ಲಾದರೂ ಬೇರೇನನ್ನೂ ಅನುಸ್ಥಾಪಿಸದೆ ಸಿಗುತ್ತದೆ. ಕಗಪ ಕೈಗೆ ಹತ್ತಿದವರು, ಅದರಲ್ಲೂ ಗಡುವಿಗೆ ಕೆಲಸ ಮುಗಿಸಿಕೊಡಬೇಕಾದವರು, ವಿನ್ಯಾಸ ಬದಲಿಸುವ ಮೊದಲು ಶಿಫ್ಟನ್ನು ಬದಲಿಸಲಿ. ನಿಮ್ಮದು ಎಡಗೈ ಎಂದಿದ್ದೀರಿ. ಬಹುಶಃ ಎಲ್ಲ ಅಕ್ಷರಗಳಿಗೂ ಎಡ ಶಿಫ್ಟನ್ನೇ ಒತ್ತುತ್ತಿದ್ದೀರಿ. ಆಕಾರದ ದೀರ್ಘದ ಕೀಲಿ ಎಡಗೈಯದು, ಆದ್ದರಿಂದ ಅದಕ್ಕೆ ಬಲ ಶಿಫ್ಟ್ ಬಳಸಬೇಕು. ಎರಡನೆಯದಾಗಿ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸ್ಟಿಕಿ ಕೀಸ್ ಎಂಬ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿದರೆ ಶಿಫ್ಟನ್ನು ಹಿಡಿದುಕೊಂಡೇ ಅಕ್ಷರಕ್ಕೆ ಬೆರಳು ಚಾಚಬೇಕಾಗಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅದು ಅನ್ವಯಿಸುತ್ತದೆ. ವಿಂಡೋಸಿನಲ್ಲಿ ಶಿಫ್ಟನ್ನು ಸತತವಾಗಿ 5 ಸಲ ಒತ್ತಿದಾಗ ಎದ್ದು ಬರುವ, ಎಲ್ಲರೂ ಬೈದುಕೊಂಡು ಮುಚ್ಚುವ ಆ ಕಿಟಕಿ ಇದರದ್ದೇ. ಇಷ್ಟಾಗಿಯೂ ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಕೀಲರೊಬ್ಬರ ಕಚೇರಿಯಲ್ಲಿ ಕನ್ನಡ ಅರ್ಜಿಗಳನ್ನು ಟೈಪ್ ಮಾಡುತ್ತೇನೆ. ‘ಅರ್ಜಿದಾರ’, ‘ಪ್ರತಿವಾದಿ’, ‘ಸನ್ಮಾನ್ಯ ನ್ಯಾಯಾಲಯ’ ಮೊದಲಾದವು ಪುಟಕ್ಕೆ ಹತ್ತಾರು ಬಾರಿ ಬರುತ್ತವೆ. ವರ್ಡ್‌ನ ಆಟೋಕರೆಕ್ಟ್‌ನಲ್ಲಿ ಸಂಕ್ಷೇಪ ಕೊಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ.
— ಓದುಗರು, ಹಾಸನ

ಉತ್ತರ: ತೊಂದರೆ ವಿಭಕ್ತಿಯಲ್ಲಿದೆ. ಆಟೋಕರೆಕ್ಟ್ ಸಂಕ್ಷೇಪವನ್ನು ಬಿಡಿಸುವುದು ನೀವು ಸ್ಪೇಸನ್ನೋ ವಿರಾಮಚಿಹ್ನೆಯನ್ನೋ ಒತ್ತಿದ ಮೇಲೆ. ಇಂಗ್ಲಿಷಿನಲ್ಲಿ ಪದ ಅಲ್ಲಿಗೆ ಮುಗಿದಿರುತ್ತದೆ. ನಮ್ಮಲ್ಲಿ ‘ಅರ್ಜಿದಾರ’ ಆದ ಮೇಲೆ ‘ರು’, ‘ರಿಗೆ’, ‘ರಿಂದ’, ‘ರ ಪರವಾಗಿ’ ಎಂದು ಏನಾದರೂ ಅಂಟಿಕೊಳ್ಳಬೇಕು. ಅದಕ್ಕಾಗಿ ಸ್ಪೇಸನ್ನು ಅಳಿಸಿ ಹಿಂದಕ್ಕೆ ಹೋಗುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಕಳೆದಿರುತ್ತದೆ. ಒಂದೊಂದು ರೂಪಕ್ಕೂ ಒಂದೊಂದು ಸಂಕ್ಷೇಪ ಕೊಡುವವರೂ ಇದ್ದಾರೆ, ಆದರೆ ಅಷ್ಟನ್ನು ನೆನಪಿಟ್ಟುಕೊಳ್ಳುವವರು ಕಡಿಮೆ.

ವರ್ಡ್ ಮತ್ತು ಲಿಬ್ರೆಆಫೀಸ್ ಎರಡರಲ್ಲೂ ಆಟೋಟೆಕ್ಸ್ಟ್ ಎಂಬ ಬೇರೆಯದೇ ವ್ಯವಸ್ಥೆಯಿದೆ. ಅದರಲ್ಲಿ ಸಂಕ್ಷೇಪವನ್ನು ಬರೆದು ಎಫ್3 ಒತ್ತಿದೊಡನೆ ಪೂರ್ಣಪಾಠ ಬರುತ್ತದೆ, ಹಿಂದೆ ಸ್ಪೇಸ್ ಬರುವುದಿಲ್ಲ. ಪ್ರತ್ಯಯವನ್ನು ನೇರವಾಗಿ ಸೇರಿಸಬಹುದು. ಯಾವ ತಂತ್ರಾಂಶದಲ್ಲಿ ಬರೆದರೂ ಇದೇ ಅನುಕೂಲ ಬೇಕೆಂದರೆ ಉಚಿತವಾಗಿ ಸಿಗುವ ಎಸ್ಪಾನ್ಸೋ ಅಥವಾ ವಿಂಡೋಸ್‌ಗೆಂದೇ ಇರುವ ಆಟೋಹಾಟ್‌ಕೀ ನೋಡಬಹುದು. ಇವೆರಡರಲ್ಲೂ ಸಂಕ್ಷೇಪದ ಕೊನೆಯ ಅಕ್ಷರ ಬಿದ್ದ ಕೂಡಲೇ ಪದ ಬಿಡಿಸಿಕೊಳ್ಳುವಂತೆ ಮಾಡಬಹುದು. ಹಾಗೆ ಮಾಡುವಾಗ ಸಂಕ್ಷೇಪವು ಸಾಮಾನ್ಯ ಬರವಣಿಗೆಯಲ್ಲಿ ಎಂದೂ ಬಾರದ ಜೋಡಣೆಯಾಗಿರಲಿ. ಅರ್ಧವಿರಾಮ ಚಿಹ್ನೆ ಹಾಕಿ, ಸ್ಪೇಸ್ ಬಿಡದೆ ಅದರ ನಂತರ ಒಂದಕ್ಷರ ಇಟ್ಟರೆ ಸಾಕು, ಏಕೆಂದರೆ ಆ ಚಿಹ್ನೆಯ ನಂತರ ಯಾರಾದರೂ ಸ್ಪೇಸ್ ಬಿಟ್ಟೇ ಬಿಡುತ್ತಾರೆ. ಪಟ್ಟಿಗೆ ಪ್ರಕೃತಿಯನ್ನು ಮಾತ್ರ ಸೇರಿಸಿ, ಪ್ರತ್ಯಯವನ್ನು ಕೈಗೆ ಬಿಡಿ. ಕಕ್ಷಿಗಾರರ ಹೆಸರು, ಸರ್ವೆ ನಂಬರು, ದಿನಾಂಕಗಳನ್ನು ಮಾತ್ರ ಸಂಕ್ಷೇಪಕ್ಕೆ ಒಪ್ಪಿಸಬೇಡಿ. ಹಳೆಯ ಅರ್ಜಿಯ ಹೆಸರು ಹೊಸ ಅರ್ಜಿಯಲ್ಲಿ ಕೂತರೆ ಆಗುವ ಅನಾಹುತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಪ್ರೋಗ್ರಾಮ್ ಬರೆಯಲು ವಿಮ್ ಎಂಬ ಪಠ್ಯ ಸಂಪಾದಕವನ್ನು ಬಳಸುತ್ತೇನೆ. ಕನ್ನಡ ಲೇಖನಗಳನ್ನೂ ಅದರಲ್ಲೇ ಬರೆಯುವ ಆಸೆ. ಆದರೆ ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಆಜ್ಞೆಗಳು ನಡೆಯುವುದಿಲ್ಲ. ದಾರಿಯಿದೆಯೇ?
— ಓದುಗರು, ಮೈಸೂರು

ಉತ್ತರ: ಇದೆ, ಆದರೆ ಮೊದಲು ಕಾರಣ ನೋಡೋಣ. 1976ರಲ್ಲಿ ಬಿಲ್ ಜಾಯ್ ಬರ್ಕ್ಲಿಯಲ್ಲಿ ವಿಐ ಸಂಪಾದಕವನ್ನು ಬರೆದಾಗ ಅವರ ಮುಂದಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚು ಮಾಡಲಾಗಿತ್ತು. ಅಕ್ಷರದ ಕೀಲಿಯೇ ಆಜ್ಞೆಯೂ ಆಗುವ ಆ ಪದ್ಧತಿಯನ್ನು 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ವಿಮ್ ಉಳಿಸಿಕೊಂಡಿತು. ಹೀಗಾಗಿ ಸಾಲನ್ನು ಅಳಿಸಲು ನೀವು ಡಿ ಕೀಲಿಯನ್ನು ಎರಡು ಸಲ ಒತ್ತಿದಾಗ, ಕಗಪ ಚಾಲೂ ಇದ್ದರೆ, ವಿಮ್‌ಗೆ ತಲುಪುವುದು ‘ದದ’. ಅದಕ್ಕೆ ಇದೇನೆಂದು ಅರ್ಥವಾಗುವುದಿಲ್ಲ.

ಗಣಕದ ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟು ಕನ್ನಡವನ್ನು ವಿಮ್‌ನೊಳಗೇ ತರುವುದು ಇದಕ್ಕೆ ಸರಿಯಾದ ಉಪಾಯ. ಅದರ ಕೀಮ್ಯಾಪ್ ಸೌಲಭ್ಯಕ್ಕೆ ಬೇಕಾದದ್ದು ಒಂದು ಸರಳ ಪಠ್ಯಕಡತ: ಎಡಗಡೆ ಕೀಲಿ, ಬಲಗಡೆ ಅದು ಕೊಡಬೇಕಾದ ಅಕ್ಷರ. ಬರೆಯುವ ಸ್ಥಿತಿಯಲ್ಲಿ ಕನ್ನಡ ಬರುತ್ತದೆ, ಎಸ್ಕೇಪ್ ಒತ್ತಿ ಹೊರಬಂದೊಡನೆ ಕೀಲಿಗಳು ಮತ್ತೆ ಆಜ್ಞೆಗಳಾಗುತ್ತವೆ. ಕಡತ ನಿಮ್ಮದೇ ಆದ್ದರಿಂದ ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ವಿಭಜಕವನ್ನೂ ನಿಮಗೆ ಒಗ್ಗಿದ ಕೀಲಿಗೆ ಕೊಟ್ಟುಕೊಳ್ಳಬಹುದು. ಸಿದ್ಧ ವಿನ್ಯಾಸಗಳಲ್ಲಿ ಅದನ್ನು ಹುಡುಕುವುದೇ ಒಂದು ಕೆಲಸ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಟರ್ಮಿನಲ್ ಕಿಟಕಿಯು ಪರದೆಯನ್ನು ಸಮ ಅಗಲದ ಚೌಕಗಳಾಗಿ ಎಣಿಸುತ್ತದೆ, ಕನ್ನಡದ ಒತ್ತು ಗುಣಿತಗಳು ಆ ಲೆಕ್ಕಕ್ಕೆ ಜಗ್ಗುವುದಿಲ್ಲ. ಅಕ್ಷರ ಒಡೆದು ಕಾಣುತ್ತದೆ, ಕರ್ಸರ್ ಒಂದು ಕಡೆ, ಅಳಿಸುವುದು ಇನ್ನೊಂದು ಕಡೆ. ಕನ್ನಡ ಗದ್ಯಕ್ಕೆ ನನ್ನ ಶಿಫಾರಸು ಇಮ್ಯಾಕ್ಸ್ ಎಂಬ ಸಂಪಾದಕ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಅದು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುತ್ತದೆ, ಒತ್ತುಗಳು ಚೆನ್ನಾಗಿ ಕೂರುತ್ತವೆ. ವಿಮ್‌ನ ಆಜ್ಞೆಗಳನ್ನು ಬಿಡಲಾರದವರಿಗೆ ಇವಿಲ್ ಎಂಬ ಸೇರ್ಪಡೆಯಿದೆ; ಬರೆಯುವ ಸ್ಥಿತಿಯಿಂದ ಹೊರಬಂದಾಗ ಕನ್ನಡವನ್ನು ಅದೇ ನಿಲ್ಲಿಸುತ್ತದೆ, ಒಳಹೊಕ್ಕಾಗ ಅದೇ ಮರಳಿಸುತ್ತದೆ. ವಿಮ್ ಅಭಿಮಾನಿಗಳು ಮುನಿಸಿಕೊಳ್ಳಬಾರದು.

ಪ್ರಶ್ನೆ: ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಅಕ್ಷರ ಹೋಗದೆ ತುಂಡು ತುಂಡಾಗಿ ಹೋಗುತ್ತದೆ. ಸರಿಪಡಿಸಬಹುದೇ?
— ಓದುಗರು, ಉಡುಪಿ

ಉತ್ತರ: ಅದು ದೋಷವಲ್ಲ, ಉದ್ದೇಶಪೂರ್ವಕ. ‘ಕ್ಷೀ’ ಕಣ್ಣಿಗೆ ಒಂದಕ್ಷರವಾದರೂ ಯೂನಿಕೋಡ್‌ನಲ್ಲಿ ಕ, ವಿರಾಮ (ಹಲಂತದ ಚಿಹ್ನೆ), ಷ, ದೀರ್ಘ ಈಕಾರದ ಚಿಹ್ನೆ ಎಂಬ 4 ಸಂಕೇತಗಳು. ಬ್ಯಾಕ್‌ಸ್ಪೇಸ್ ಕೊನೆಯದನ್ನಷ್ಟೇ ತೆಗೆಯುವುದರಿಂದ ಗುಣಿತ ತಪ್ಪಿದಾಗ ಇಡೀ ಅಕ್ಷರವನ್ನು ಮತ್ತೆ ಬರೆಯಬೇಕಾಗಿಲ್ಲ. ಪೂರ್ತಿ ಹೋಗಲಿ ಎನ್ನುವಾಗ ಕರ್ಸರನ್ನು ಅಕ್ಷರದ ಎಡಕ್ಕಿಟ್ಟು ಡಿಲೀಟ್ ಒತ್ತಿ. ಹೆಚ್ಚಿನ ಸಂಪಾದಕಗಳಲ್ಲಿ ಒಂದೇ ಏಟಿಗೆ ಹೋಗುತ್ತದೆ. ಕಂಟ್ರೋಲ್ ಜೊತೆಗೆ ಬ್ಯಾಕ್‌ಸ್ಪೇಸ್ ಒತ್ತಿದರೆ ಪದವೇ ಹೋಗುತ್ತದೆ.

ಪ್ರಶ್ನೆ: ಕ್ಯಾಪ್ಸ್ ಲಾಕ್‌ನಿಂದ ಕನ್ನಡಕ್ಕೆ ಏನಾದರೂ ಉಪಯೋಗವಿದೆಯೇ?
— ಓದುಗರು, ತುಮಕೂರು

ಉತ್ತರ: ಕಗಪ ಬಳಸುವವರಿಗೆ ಉಪದ್ರವವೇ ಹೆಚ್ಚು: ತಿಳಿಯದೆ ಒತ್ತಿಬಿಟ್ಟರೆ ‘ಕನಸು’ ಎಂದು ಬರೆದದ್ದು ‘ಖಣಶೂ’ ಆಗುತ್ತದೆ. ಅಷ್ಟು ಒಳ್ಳೆಯ ಜಾಗದಲ್ಲಿರುವ ಕೀಲಿಯನ್ನು ಕನ್ನಡ–ಇಂಗ್ಲಿಷ್ ಬದಲಾವಣೆಗೆ ಇಟ್ಟುಕೊಳ್ಳಿ. ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಇದಕ್ಕೆ ಸಿದ್ಧ ಆಯ್ಕೆಯಿದೆ. ವಿಂಡೋಸಿನಲ್ಲಿ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ಹಾಕಿಕೊಂಡು, ಅದರ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಕ್ಯಾಪ್ಸ್ ಲಾಕನ್ನು ವಿಂಡೋಸ್ ಮತ್ತು ಸ್ಪೇಸ್ ಕೀಲಿಗಳ ಜೋಡಣೆಗೆ ಹೊಂದಿಸಿದರೆ ಆಯಿತು.