ಸ್ಪ್ಯಾಮ್ ಕಳಿಸುವವರ ಮೇಲೆ ಸಣ್ಣ ವ್ಯಾಪಾರದವರು ಕೇಸ್ ಹಾಕಬೇಕಾ?

ದಿನಾ ರಾಶಿ ರಾಶಿ ಸ್ಪ್ಯಾಮ್, ಅಂದರೆ ಬೇಡದ ಮೇಲ್, ಬರ್ತಿದೆ, ವಕೀಲರ ಹತ್ತಿರ ಹೋಗಲಾ ಅಂತ ಕೇಳಿದ್ದೀರಿ. ನಾನು ಹೋಗಿದ್ದೆ. ಆ ರಾಶಿಯಲ್ಲಿ ಹಳೇ ಗ್ರಾಹಕರೊಬ್ಬರ ಆರ್ಡರ್ ಕಣ್ತಪ್ಪಿ ಹೋಗಿತ್ತು. ಎರಡು ಸಲ ಬರೆದರೂ ನನ್ನಿಂದ ಉತ್ತರ ಬರಲಿಲ್ಲ ಅಂತ ಅವರು ಬೇರೆಯವರನ್ನು ಹಿಡಿದರು. ಆ ಸಿಟ್ಟಲ್ಲಿ ಲೀಗಲ್ ನೋಟಿಸ್ ಕಳಿಸಿಬಿಟ್ಟೆ.

ಯಾರಿಗೆ ಕಳಿಸಿದೆ ಅನ್ನೋದೇ ನನ್ನ ತಪ್ಪು. ಮೇಲ್‌ನಲ್ಲಿ 'ಫ್ರಮ್' ಅಂತ ಕಾಣುವ ವಿಳಾಸವನ್ನು ನಂಬಿ, ಆ ವಿಳಾಸದ ಅಂಗಡಿಗೆ ಕಳಿಸಿದೆ. ಶಾಲೆಯಲ್ಲಿ ಪತ್ರ ಬರೆಯುವಾಗ ಮೇಲೆ 'ಇಂದ' ಅಂತ ಹಾಕ್ತಿದ್ವಲ್ಲ, ಇದೂ ಹಾಗೇ. ಯಾರು ಯಾರ ಹೆಸರು ಬೇಕಾದರೂ ಬರೆಯಬಹುದು. ನಾನು ಹೆಡರ್, ಅಂದರೆ ಮೇಲ್ ಬಂದ ದಾರಿಯ ವಿವರ ಇರುವ ಮರೆಯ ಭಾಗ, ತೆರೆದು ನೋಡಬೇಕಿತ್ತು. ಮೇಲ್ ಹಾದು ಬರುವ ಪ್ರತಿ ಸರ್ವರ್ (ಮೇಲ್ ಸಾಗಿಸುವ ಕಂಪ್ಯೂಟರ್) ಅದರಲ್ಲಿ 'ರಿಸೀವ್ಡ್' ಅಂತ ಒಂದು ಸಾಲು ಸೇರಿಸುತ್ತದೆ, ಅಂಚೆ ಮುದ್ರೆಯ ಥರ. ಹೊಸ ಸಾಲು ಮೇಲೆ ಸೇರುತ್ತದೆ, ಹಳೆಯದು ಕೆಳಗಿರುತ್ತದೆ. ಕೆಳಗಿನವನ್ನೂ ಕಳಿಸಿದವನೇ ಸುಳ್ಳು ಬರೆದಿರಬಹುದು. ಗಟ್ಟಿಯಾಗಿ ನಂಬಬಹುದಾದ್ದು ನಮ್ಮ ಸರ್ವರ್ ಹಾಕಿದ ಸಾಲು ಮಾತ್ರ. ಮೇಲ್ ತಂದುಕೊಟ್ಟ ಯಂತ್ರದ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದರ ಗುರುತಿನ ಸಂಖ್ಯೆ, ಅದರಲ್ಲಿರುತ್ತದೆ. ಆಮೇಲೆ ನೋಡಿದರೆ ಆ ಐಪಿಗಳು ಎಲ್ಲೆಲ್ಲಿನವೋ. ನೋಟಿಸ್ ಹೋದ ಅಂಗಡಿಯದು ಒಂದೂ ಅಲ್ಲ.

ಅಂಗಡಿಯವರು ಫೋನ್ ಮಾಡಿದರು. ಬೈಯಲಿಲ್ಲ. "ನಾನು ಕಳಿಸಿಲ್ಲ ಸರ್. ಯಾರೋ ನನ್ನ ಹೆಸರಲ್ಲಿ ಕಳಿಸ್ತಿದ್ದಾರೆ. ತಲುಪದ ಮೇಲ್ ಎಲ್ಲಾ ವಾಪಸ್ ನನಗೇ ಬಂದು ಬೀಳ್ತಿದೆ" ಅಂದರು. ನನಗಿಂತ ಜಾಸ್ತಿ ಪೆಟ್ಟು ಅವರಿಗೆ ಬಿದ್ದಿತ್ತು. ಕ್ಷಮೆ ಕೇಳಿ, ಅವರ ವಕೀಲರ ಫೀಸನ್ನೂ ನಾನೇ ಕೊಟ್ಟೆ.

ಹಾಗಾಗಿ ಕೇಸ್ ಹಾಕಬೇಕಾ ಅನ್ನೋದಕ್ಕಿಂತ ಯಾರ ಮೇಲೆ ಅಂತ ಮೊದಲು ಕೇಳಿಕೊಳ್ಳಿ. ಸಿಕ್ಕರೂ ದುಡ್ಡು ಬರುವುದು ಕಷ್ಟ. 2009ರಲ್ಲಿ ಫೇಸ್‌ಬುಕ್ ಒಬ್ಬ ಸ್ಪ್ಯಾಮರ್ ವಿರುದ್ಧ ಗೆದ್ದು, 71.1 ಕೋಟಿ ಡಾಲರ್ ಪರಿಹಾರದ ತೀರ್ಪು ಪಡೆಯಿತು. ಅದರಲ್ಲಿ ಬಹುಪಾಲು ಕೈಗೆ ಬರುವ ನಿರೀಕ್ಷೆ ಇಲ್ಲ ಅಂತ ಆಗಲೇ ಅದು ಹೇಳಿತ್ತು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಲ್ಲಂತೂ ಸುಮ್ನೆ ಸ್ಪ್ಯಾಮ್ ಬಂತು ಅಂತ ನಮ್ಮಂಥವರು ಕೇಸ್ ಹಾಕುವ ಹಾಗೇ ಇಲ್ಲ. ಸರ್ಕಾರದವರು, ಇಂಟರ್ನೆಟ್ ಸೇವೆ ಕೊಡುವವರು ಹಾಕಬಹುದು, ಅಷ್ಟೇ.

ಕಳಿಸುತ್ತಿರುವುದು ಹೆಸರು, ವಿಳಾಸ ಎಲ್ಲಾ ಇರುವ ಕಂಪನಿ, ಬೇಡ ಅಂದ ಮೇಲೂ ಬಿಡುತ್ತಿಲ್ಲ ಅಂದರೆ ಮಾತ್ರ ವಕೀಲರನ್ನು ಕಾಣಿ. ಆಗ ಮೂಲ ಮೇಲ್ ಅಳಿಸಬೇಡಿ. ಸುಮ್ನೆ ಫಾರ್ವರ್ಡ್ ಮಾಡಿದರೆ ಹಳೇ ಹೆಡರ್ ಹೋಗಿಬಿಡುತ್ತದೆ.

ಉಳಿದಂತೆ ವಕೀಲರಿಗೆ ಕೊಡುವ ದುಡ್ಡಲ್ಲಿ ಒಳ್ಳೆ ಫಿಲ್ಟರ್ ಇರುವ ಮೇಲ್ ಸೇವೆ ತಗೊಳ್ಳಿ. ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಂದು ಸಲ ನೋಡಿ, ಗ್ರಾಹಕರ ಮೇಲ್ ಅಲ್ಲಿ ಸೇರಿರಬಹುದು. ನಿಮ್ಮ ಡೊಮೇನ್‌ಗೆ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರಿಗೆ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಸಿ. ನಿಮ್ಮ ಹೆಸರಲ್ಲಿ ಬೇರೆಯವರು ಕಳಿಸಿದ ಮೇಲ್ ತಿರಸ್ಕರಿಸಿ ಅಂತ ಬೇರೆ ಸರ್ವರ್‌ಗಳಿಗೆ ಹೇಳುವುದು ಇವೇ. ಆ ಅಂಗಡಿಯವರ ಡೊಮೇನ್‌ಗೆ ಇವು ಇರಲಿಲ್ಲ. ನನ್ನದಕ್ಕೂ ಇರಲಿಲ್ಲ. ಅದೇ ವಾರ ಇಬ್ಬರೂ ಫೋನಲ್ಲಿ ಮಾತಾಡಿಕೊಂಡೇ ಹಾಕಿಸಿದೆವು.