ಕೆಲಸ ಮಾಡ್ತಾ ಸಂಗೀತ ಕೇಳಿದರೆ ಅದು ಅವಮಾನವಾ?

ಅಡುಗೆ ಮಾಡುತ್ತಾ, ಬಟ್ಟೆ ಮಡಚುತ್ತಾ ಹಿಂದೂಸ್ತಾನಿ ಸಂಗೀತ ಕೇಳ್ತೀರಿ, ಸುಮ್ನೆ ಕೂತು ಕೇಳೋಕೆ ಆಗಲ್ಲ, ಇದು ಸಂಗೀತಕ್ಕೆ ಅವಮಾನ ಅಂತ ಗೆಳೆಯರೊಬ್ಬರು ಹೇಳಿದರು ಅಂತ ಬರೆದಿದ್ದೀರಿ. ಆ ಗೆಳೆಯರ ಮಾತನ್ನೇ ನಾನು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಅದರಿಂದ ಏನಾಯ್ತು ಹೇಳ್ತೀನಿ, ಕೇಳಿ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಪ್ಪಯ್ಯನಿಗೆ ಗಾಯನದ ಹುಚ್ಚು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಯಾರು ಹಾಡಿದರೂ ರೇಡಿಯೊ, ಟೇಪು ಎರಡೂ ಇದ್ದ ಟೂ ಇನ್ ಒನ್‌ನ ರೆಕಾರ್ಡ್ ಮಾಡುವ ಕೆಂಪು ಬಟನ್ ಒತ್ತುತ್ತಿದ್ದ. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನೂ ಬಿಡುತ್ತಿರಲಿಲ್ಲ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 45 ನಿಮಿಷ. ಸ್ವರಗಳು ಓಡೋಡುತ್ತಾ ಬರುವ ತಾನಿನ ನಡುವೆಯೇ ಟಕ್ ಅಂತ ನಿಲ್ಲುತ್ತಿತ್ತು. ತಿರುಗಿಸಿ ಹಾಕುವಷ್ಟರಲ್ಲಿ ತಾಳದ ಒಂದೆರಡು ಸುತ್ತು ಹೋಗಿಯೇ ಹೋಗಿರುತ್ತಿತ್ತು. ರಾಗದ ಹೆಸರು, ತಾರೀಖು ಎಲ್ಲ ಇಂಕ್ ಪೆನ್ನಿನಲ್ಲಿ ಬರೆದು ಟ್ರಂಕಿಗೆ ಹಾಕುತ್ತಿದ್ದ.

ಈ ಕ್ಯಾಸೆಟ್‌ಗಳನ್ನು ಯಾರೂ ಕೂತು ಕೇಳುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಜಗಲಿ ತುಂಬ ಜನ, ಒಬ್ಬೊಬ್ಬರ ಮುಂದೆ ಅಡಿಕೆ ಸುಲಿಯುವ ಒಂದೊಂದು ಮೆಟ್ಟುಗತ್ತಿ, ಒಂದು ಮೂಲೆಯಲ್ಲಿ ಟೇಪು. ಆಯಿ, ಅಂದರೆ ನಮ್ಮಮ್ಮ, ಮಾತಾಡುತ್ತಲೇ ಅಡಿಕೆ ಸುಲಿಯುತ್ತಿದ್ದಳು. ಕಾಯಿಯನ್ನು ಕತ್ತಿಗೆ ಒತ್ತಿ ಹೊರಳಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಮನ್ಸೂರರು ಎಲ್ಲೆಲ್ಲೋ ಸುತ್ತಿ, ಇನ್ನು ಸಿಕ್ಕಲಾರದು ಅನ್ನುವ ಹೊತ್ತಿಗೆ ಹಾಡಿನ ಪಲ್ಲವಿಯಂಥ ಮುಖಡಾ ಹಿಡಿದು, ತಾಳದ ಮೊದಲ ಪೆಟ್ಟಾದ ಸಮ್‌ ಕಡೆ ಹೊರಟರೆ ಆಯಿಯ ಕೈ ಅಲ್ಲೇ ನಿಲ್ಲುತ್ತಿತ್ತು. ಸಮ್‌ ಬಿದ್ದ ಮೇಲೆ "ಬಂದ ನೋಡು" ಅಂತ ಅಡಿಕೆ ಬುಟ್ಟಿಗೆ ಹಾಕುತ್ತಿದ್ದಳು. ತೀನ್‌ತಾಲ ಅನ್ನುವ ತಾಳಕ್ಕೆ 16 ಎಣಿಕೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ರಾಗ ಇನ್ನೊಂದು ಕ್ಯಾಸೆಟ್ಟಿನಲ್ಲಿ ಬಂದರೆ, ಹೋದ ಸಲ ಇಷ್ಟು ಹೊತ್ತು ಕೆಳಗಿನ ಸ್ವರದಲ್ಲೇ ಕೂತಿರಲಿಲ್ಲ ಅಂತ ಸರಿಯಾಗಿ ಹೇಳುತ್ತಿದ್ದಳು.

ನಾನು ಬೆಂಗಳೂರಿಗೆ ಬಂದೆ, ಸಂಬಳ ಬಂತು, ಜೊತೆಗೆ ದೊಡ್ಡ ದೊಡ್ಡ ಸ್ಪೀಕರ್ ಇಟ್ಟುಕೊಂಡವರ ಸಹವಾಸ. ದೀಪ ಆರಿಸಬೇಕು, ಫೋನ್ ಆಚೆ ಇಡಬೇಕು, ಕಣ್ಣು ಮುಚ್ಚಬೇಕು, ಇಲ್ಲದಿದ್ದರೆ ಕೇಳಲೇಬಾರದು ಅನ್ನುವ ಜನ. ನನಗೆ ಅದು ಬಹಳ ಹಿಡಿಸಿತು. ಆಂಪ್ಲಿಫೈಯರ್ ತಂದೆ, ಸ್ಪೀಕರ್ ತಂದೆ, ಒಳ್ಳೆಯ ಕ್ಯಾಸೆಟ್ ಡೆಕ್ಕನ್ನೂ ಹುಡುಕಿ ತಂದೆ. ಅಪ್ಪಯ್ಯ ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದ ಟ್ರಂಕ್ ನನ್ನ ಪಾಲಿಗೆ ಬಂದಿತ್ತು. ಅದನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಕೊಳ್ಳಬೇಕಿತ್ತು.

ನಾನು ಕೆಟ್ಟಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹೊರಗಿನಿಂದ ನೋಡಿದರೆ ಇದು ಬರೀ ಸೋಮಾರಿತನ ಅನ್ನಿಸುತ್ತದೆ. ಕ್ಯಾಸೆಟ್ಟನ್ನು ಫೈಲಿನ ಹಾಗೆ ಕಾಪಿ ಹೊಡೆಯೋಕೆ ಆಗಲ್ಲ. 90 ನಿಮಿಷದ್ದಾದರೆ 90 ನಿಮಿಷವೂ ಓಡಲೇಬೇಕು. ಪ್ಲೇ ಒತ್ತಿ, ಈ ಕಡೆ ರೆಕಾರ್ಡ್ ಒತ್ತಿ, ನಾನು ಪಾತ್ರೆ ತೊಳೆದಿದ್ದರೆ ಸಾಕಿತ್ತು, ಕೆಲಸ ತಾನಾಗಿ ಮುಗಿಯುತ್ತಿತ್ತು. ಆದರೆ ಅಪ್ಪಯ್ಯನ ಕ್ಯಾಸೆಟ್, ಅದೂ ಮನ್ಸೂರರದ್ದು, ಪಾತ್ರೆ ತೊಳೆಯುತ್ತಾ ಹೇಗೆ ಓಡಿಸೋದು? ಪ್ರತಿಯೊಂದನ್ನೂ ಪೂರ್ತಿ ಗಮನ ಕೊಟ್ಟು ಕೇಳುತ್ತಲೇ ಇಳಿಸಿಕೊಳ್ಳಬೇಕು ಅಂತ ನಿಯಮ ಮಾಡಿಕೊಂಡೆ. ಅದಕ್ಕೆ ಪುರುಸೊತ್ತಿನ ರಾತ್ರಿ ಬೇಕು. ಪಕ್ಕದ ಮನೆಯವರು ಮಿಕ್ಸಿ ಹಾಕಿರಬಾರದು. ನನಗೆ ನಿದ್ದೆ ಬರಬಾರದು. ಮರುದಿನ ಬೆಳಗ್ಗೆ ಮೀಟಿಂಗ್ ಇರಬಾರದು. ಅಂಥ ರಾತ್ರಿ ಎಲ್ಲಿ ಬರುತ್ತೆ? ಅಪರೂಪಕ್ಕೆ ಬಂದಾಗಲೂ ಕಿವಿಯೆಲ್ಲ ಸ್ಪೀಕರ್ ಮೇಲೆ, ಎಡಗಡೆದು ಸ್ವಲ್ಪ ಮಂದ ಇದೆಯಾ, ವೈರ್ ಬದಲಾಯಿಸಬೇಕಾ ಅಂತ. ಹಾಡು ಅದರ ಪಾಡಿಗೆ ಅದು ಹೋಗುತ್ತಿತ್ತು. ಕೂತು ಕೇಳೋಕೆ ಆಗಲಿಲ್ಲ, ಹಾಗೇ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಮನೆಯಲ್ಲಿ ಸಂಗೀತವೇ ನಿಂತುಹೋಯಿತು. ಮೇಲೆ ಭಕ್ತಿ ಬೇರೆ!

ಟ್ರಂಕ್ ಮಾತ್ರ ಶಿರಸಿಯ ಅಟ್ಟದ ಮೇಲೇ ಇತ್ತು. ಅಲ್ಲಿಯ ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕೊನೆಗೊಮ್ಮೆ ತೆಗೆದು ನೋಡಿದರೆ ಟೇಪಿನ ಅಂಚಿಗೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಬೂಷ್ಟು. ಟೇಪನ್ನು ಶಬ್ದ ಓದುವ ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಅಂಟು ಬಿಟ್ಟು ಒಳಗೇ ಅಲ್ಲಾಡುತ್ತಿತ್ತು. 90 ನಿಮಿಷದ ಕ್ಯಾಸೆಟ್ಟಿನ ಟೇಪು 60 ನಿಮಿಷದ್ದಕ್ಕಿಂತ ತೆಳು. ಅಪ್ಪಯ್ಯ ದುಡ್ಡು ಉಳಿಸೋಕೆ ಜಾಸ್ತಿ ಅದನ್ನೇ ತರುತ್ತಿದ್ದ. ಸುತ್ತು ಸುತ್ತಿಗೆ ಅಂಟಿಕೊಂಡಿದ್ದವು, ಎಳೆದರೆ ಹರಿಯಿತು. ಇಂಥದ್ದನ್ನು ಸರಿ ಮಾಡುವವರೊಬ್ಬರು ಕೆಲವನ್ನು ಉಳಿಸಿಕೊಟ್ಟರು. ಹೆಚ್ಚಿನವು ಹೋದವು. ಮನ್ಸೂರರ ಒಂದು ಬಿಹಾರಿ ರಾಗ ಅರ್ಧ ಇದೆ, ಇನ್ನರ್ಧ ಇಲ್ಲ. ಆ ಅರ್ಧ ಹೇಗಿತ್ತು ಅಂತ ಹೇಳೋಕೆ ಆಗುವುದು ಆಯಿಗೆ ಮಾತ್ರ. ಅಡಿಕೆ ಸುಲಿಯುತ್ತಾ ಕೇಳಿದವಳಿಗೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಗಮನ ಕೊಟ್ಟು ಕೇಳೋದು ಒಂದು, ಕೆಲಸ ಮಾಡ್ತಾ ಕೇಳೋದು ಇನ್ನೊಂದು ಅಂತ ಬೇಲಿ ಹಾಕಿದ್ದೀರಲ್ಲ, ಅದು ನಮ್ಮ ಜಗಲಿಯಲ್ಲಿ ಇರಲಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡುವವರು ನಡುನಡುವೆ ಕಂಬಳಿ ಹೊದ್ದು ಮಲಗುತ್ತಿದ್ದರು, ಚೆಂಡೆ ಜೋರಾದಾಗ ಎದ್ದು ಕೂರುತ್ತಿದ್ದರು. ಭಾಗವತರಿಗೆ ಅವಮಾನ ಆಯಿತು ಅಂತ ಯಾರೂ ಅಂದಿದ್ದಿಲ್ಲ. ಇನ್ನು ಒಳ್ಳೆಯ ಸೌಂಡ್ ಬೇಕು ಅನ್ನೋ ಮಾತು. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿ ಮನೆ ಬಿಟ್ಟು ಹೊರಟ ಕಥೆ ಗೊತ್ತಲ್ವಾ? ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆಗಿನ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ 3 ನಿಮಿಷ ಚಿಲ್ಲರೆ ಹಾಡು, ಅದರಲ್ಲೂ ಕರಕರ ಸದ್ದು.

ಹಾಗಂತ ಎಲ್ಲ ಕೆಲಸಕ್ಕೂ ಸಂಗೀತ ಹೊಂದುತ್ತೆ ಅಂತಲ್ಲ. ಕೈಗೆ ಕೆಲಸ ಇದ್ದು ತಲೆ ಖಾಲಿ ಇದ್ದರೆ ಹೊಂದುತ್ತೆ. ಸೊಪ್ಪು ಬಿಡಿಸೋದು, ಇಸ್ತ್ರಿ, ಚಪಾತಿ ಲಟ್ಟಿಸೋದು ಎಲ್ಲ ಸೈ. ಮೇಲ್ ಬರೆಯೋದು, ರೀಲ್ಸ್ ನೋಡೋದು ಬೇಡವೇ ಬೇಡ. ಆಫೀಸಿನಲ್ಲಿ ಕೋಡ್ ಬರೆಯುತ್ತಾ ಸಿತಾರ್ ಹಾಕಿಕೊಂಡು ನೋಡಿದ್ದೇನೆ. ಮುಗಿದ ಮೇಲೆ ಯಾವ ರಾಗ ಅಂತ ಕೇಳಿದ್ದರೆ ಬೆಬ್ಬೆಬ್ಬೆ ಅನ್ನಬೇಕಿತ್ತು. ಬಸ್ಸಿನಲ್ಲೂ ನಿಧಾನ ಗತಿಯ ವಿಲಂಬಿತ್ ಬೇಡ. ಎಂಜಿನ್ ಸದ್ದಿನಲ್ಲಿ ಮಂದ್ರದ ಕೆಳಗಿನ ಸ್ವರ ಕೇಳಲ್ಲ, ಸೌಂಡ್ ಏರಿಸಿ ಏರಿಸಿ ಕಿವಿ ಹೋಗುತ್ತೆ.

ಇನ್ನೊಂದು. ಆ್ಯಪ್ ತನಗೆ ತೋಚಿದ್ದನ್ನು ಒಂದಾದ ಮೇಲೊಂದು ಹಾಕುತ್ತಲ್ಲ, ಅದನ್ನು ಬಂದ್ ಮಾಡಿ. ಒಬ್ಬರ ಒಂದೇ ರಾಗ ಹಿಡಿದುಕೊಳ್ಳಿ, ವಾರವಿಡೀ ಅಡುಗೆಮನೆಯಲ್ಲಿ ಅದೇ ಇರಲಿ. ಬೇಜಾರಾದರೂ ಇರಲಿ. ಆಯಿ ಕೇಳಿದ್ದು ಹಾಗೇ, ಇರುವ ಕ್ಯಾಸೆಟ್ಟನ್ನೇ ತಿರುಗಿ ತಿರುಗಿ. ಎಲ್ಲೋ ಒಂದು ಕಡೆ ನಿಮ್ಮ ಕೈಯೂ ತಾನಾಗಿ ನಿಲ್ಲುತ್ತೆ. ಆಗ ಬೇಕಾದರೆ ಗ್ಯಾಸ್ ಆರಿಸಿ ಕೂತುಕೊಳ್ಳಿ. ನಿಲ್ಲದಿದ್ದರೆ ಸಾರು ಮುಗಿಸಿ. ಸ್ಪೀಕರ್‌ಗೆ ಮಾತ್ರ ಈಗಲೇ ದುಡ್ಡು ಸುರಿಯಬೇಡಿ.

ನಿಮ್ಮ ಮನೆಯಲ್ಲೂ ಹಳೇ ಕ್ಯಾಸೆಟ್ ಇದ್ದರೆ ಇವತ್ತೇ ಕಂಪ್ಯೂಟರಿಗೆ ಇಳಿಸಿ. ಬಿಳಿ ಬೂಷ್ಟು ಕಂಡದ್ದನ್ನು ಪ್ಲೇ ಮಾಡಬೇಡಿ, ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ, ಅದನ್ನು ಗೊತ್ತಿರುವವರ ಕೈಗೆ ಕೊಡಿ. ಚೆನ್ನಾಗಿರುವುದನ್ನು ಮೊದಲು ಒಂದು ಸಲ ಆ ತುದಿಯಿಂದ ಈ ತುದಿಗೆ ಸುತ್ತಿ, ಆಮೇಲೆ ಪ್ಲೇ ಒತ್ತಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿ, ಹೋಗಿ ಪಾತ್ರೆ ತೊಳೆಯಿರಿ. 45 ನಿಮಿಷಕ್ಕೆ ಬಂದು ಮಗ್ಗುಲು ತಿರುಗಿಸೋದು ಮರೀಬೇಡಿ.