ಮನುಷ್ಯ ಧರ್ಮದ ಮೊರೆ ಹೋದದ್ದು ಏಕೆ? ಒಬ್ಬ ಹಿಂದೂವಿನ ಉತ್ತರ

ಭಯದಿಂದ ಎಂಬ ಉತ್ತರವೇ ಹೆಚ್ಚಾಗಿ ಕೇಳಿಬರುತ್ತದೆ. ಸಿಡಿಲು, ಬರ, ರೋಗಗಳ ಮುಂದೆ ಅಸಹಾಯಕನಾದವನು ಕೈಮುಗಿದ ಎಂಬ ವಾದ. ಪೂರ್ತಿ ಸುಳ್ಳಲ್ಲ, ಋಗ್ವೇದದಲ್ಲಿ ಮಳೆ, ದನಕರು, ಮಕ್ಕಳು, ದೀರ್ಘಾಯುಷ್ಯ ಬೇಡುವ ಸಾಲುಗಳು ಧಾರಾಳವಾಗಿವೆ. ಆದರೆ ಅದೇ ಋಗ್ವೇದದಲ್ಲಿ ಉಷೆಯನ್ನು ಹೊಗಳುವ ಸೂಕ್ತಗಳೂ ಇವೆ. ಬೆಳಗಾಗುವುದಕ್ಕೆ ಯಾರು ಹೆದರುತ್ತಾರೆ? ಅಲ್ಲಿರುವುದು ಬೆರಗು.

ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಕಾರಣ ಸಾವು. ಇಸ್ರೇಲಿನ ಕಫ್ಜೆ ಗುಹೆಯಲ್ಲಿ ಸುಮಾರು 90,000 ವರ್ಷಗಳಷ್ಟು ಹಿಂದಿನ ಸಮಾಧಿಗಳು ಸಿಕ್ಕಿವೆ. ಹದಿಹರೆಯದ ಒಬ್ಬರ ಎದೆಯ ಮೇಲೆ ಜಿಂಕೆಯ ಕೊಂಬುಗಳನ್ನು ಇಟ್ಟಿದ್ದರು. ಅದರ ಅರ್ಥ ಏನೇ ಇರಲಿ, ಹೆಣವನ್ನು ಹಾಗೇ ಬಿಟ್ಟು ಹೋಗಲು ಆ ಬಳಗಕ್ಕೆ ಮನಸ್ಸಾಗಲಿಲ್ಲ. ಅಪ್ಪನ ಚಿತೆಯ ಮುಂದೆ ನಿಂತಾಗ ನನಗೂ ಒಂದು ಮಂತ್ರದ ಅರ್ಥವೂ ತಿಳಿದಿರಲಿಲ್ಲ. ಆದರೂ ಮಡಕೆ ಹೊತ್ತು ಸುತ್ತುವುದು, ನೀರು ಬಿಡುವುದು ಎಂದು ಕೈಗೊಂದು ಕೆಲಸವಿತ್ತು. ಅದಿಲ್ಲದಿದ್ದರೆ ಕುಸಿದುಬೀಳುತ್ತಿದ್ದೆ.

ನೀತಿ, ಒಗ್ಗಟ್ಟು, ಅರಸರ ಅನುಕೂಲ, ಪುರೋಹಿತರ ಹೊಟ್ಟೆಪಾಡು ಇವೆಲ್ಲ ಆಮೇಲೆ ಸೇರಿಕೊಂಡವು ಎಂದು ನನ್ನ ಎಣಿಕೆ. ಜಾತಿಯ ಕಟ್ಟುಪಾಡನ್ನು ದೇವರ ಹೆಸರಿನಲ್ಲಿ ಹೇರಿದ್ದನ್ನು ಹಿಂದೂವಾಗಿ ನಾನು ಮರೆಮಾಚಲಾರೆ.

ಇನ್ನು ಉತ್ತರ ಸಿಗುತ್ತದೆಂದು ಧರ್ಮಕ್ಕೆ ಬಂದವರಿಗೆ ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತ ನಿರಾಸೆ ತರಬಹುದು. ಈ ಸೃಷ್ಟಿ ಎಲ್ಲಿಂದ ಬಂತೆಂದು ಪರಮ ವ್ಯೋಮದಲ್ಲಿರುವ ಅದರ ಅಧ್ಯಕ್ಷನಿಗೆ ಗೊತ್ತು, ಅಥವಾ ಅವನಿಗೂ ಗೊತ್ತಿಲ್ಲವೋ ಏನೋ ಎಂದು ಅದು ಮುಗಿಯುತ್ತದೆ. ನನ್ನನ್ನು ಈ ಪರಂಪರೆಯಲ್ಲಿ ಉಳಿಸಿಕೊಂಡದ್ದು ಆ ಸಾಲೇ.